ಮಾಬೂಬಿ ಚಾಚಿಯ ದಾರಿಯಲ್ಲಿ ನನ್ನ ಗಾಲಿ

ಕಬ್ಬಿನ ಗುಡ್ಡವೊಂದು ಹಾಡು ಹೇಳುತ್ತ ಎದುರಿಗೆ ಬರುತ್ತಿತ್ತು. ಚಳಿಗಾಲದ ಮುಂಜಾವು, ಕಾಲುವೆಯ ದಂಡೆ, ಕಣ್ಣಿಗೆ ಕೈ ಕಾಣದಷ್ಟು ಮಂಜು. ಮೊದಲು ಕೇಳಿಸಿದ್ದು ಧ್ವನಿವರ್ಧಕದ ಹಾಡು. ಆಮೇಲೆ ಕಂಡದ್ದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಒಂದರ ಹಿಂದೊಂದು ಎರಡು ಟ್ರೇಲರ್, ಅವುಗಳ ಮೇಲೆ ಎರಡಾಳೆತ್ತರ ಕಬ್ಬು. ದಂಡೆ ಇದ್ದದ್ದೇ ಒಂದು ಗಾಡಿಯ ಅಗಲ. ಈ ಕಡೆ ನೀರು, ಆ ಕಡೆ ಜಾಲಿ. ನಾನು ಸೈಕಲ್ ಸಮೇತ ಜಾಲಿಯನ್ನು ಆರಿಸಿಕೊಂಡೆ. ಟ್ರ್ಯಾಕ್ಟರ್ ಸ್ವಲ್ಪ ಮುಂದೆ ಹೋಗಿ ನಿಂತಿತು. ಚಾಲಕ ಹಾಡಿನ ದನಿ ತಗ್ಗಿಸಿ, ಕುತ್ತಿಗೆ ಹೊರಗೆ ಚಾಚಿ ಕೇಳಿದ.

"ಯಾರ ಪೈಕಿ ನೀವು?"

ಪೆಟ್ಟಾಯಿತೇ ಎಂದಲ್ಲ, ಏಳಲು ಆಗುತ್ತದೆಯೇ ಎಂದೂ ಅಲ್ಲ. ಯಾರ ಪೈಕಿ ಎಂದರೆ ಯಾರ ಕಡೆಯವರು, ಯಾರ ಮನೆಯವರು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ನಮ್ಮ ಕಡೆ ಬಿದ್ದವರನ್ನು ಮೊದಲು ಎತ್ತುತ್ತಾರೆ, ಕುಲಗೋತ್ರ ಆಮೇಲೆ ವಿಚಾರಿಸುತ್ತಾರೆ. ಯಾರ ಪೈಕಿಯೂ ಅಲ್ಲ ಎಂದು ಸಿಟ್ಟಿನಲ್ಲೇ ಹೇಳಿದೆ.

"ಹಂಗ ಇರಾಕ ಬರಂಗಿಲ್ರಿ," ಎಂದ ಅವನು, ನಾನೇನೋ ಕಾಯಿದೆ ಮುರಿದೆ ಎನ್ನುವಂತೆ. ಹಾಡಿನ ದನಿ ಮತ್ತೆ ಏರಿಸಿ ಹೊರಟುಹೋದ.

ಅಂಕೋಲೆಯ ನನ್ನ ಸೈಕಲ್ ಗೆಳೆಯರೇ, ಇದೆಲ್ಲ ಬರೆಯಲು ಕಾರಣ ನೀವು. ನಾಲ್ಕು ವರ್ಷದ ಹಿಂದೆ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿ ನಾನು ಘಟಪ್ರಭೆಯ ದಂಡೆಗೆ ಬಂದಾಗಿನಿಂದ ನಿಮ್ಮದು ಒಂದೇ ವರಾತ. "ಅಲ್ಲಿ ಗ್ರಾವೆಲ್ ದಾರಿ ಭಾರೀ ಚೆನ್ನಾಗಿದೆಯಂತೆ, ರೂಟ್ ಕಳಿಸು." ನಾನು ಮೊಬೈಲಿನಲ್ಲಿ ಎಳೆದ ನಾಲ್ಕು ನೀಲಿ ಗೆರೆಗಳನ್ನು ಕಳಿಸಿಬಿಟ್ಟರೆ ನಿಮಗೆ ಸಾಕು. ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬರುತ್ತೀರಿ, ತುಳಿಯುತ್ತೀರಿ, ಫೋಟೋ ಹಾಕುತ್ತೀರಿ, ಹೋಗುತ್ತೀರಿ. ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದೇನೆ ಎಂದು ನಿಮಗೆ ಬೇಜಾರು. ಹೇಳುತ್ತೇನೆ. ಆದರೆ ಪೂರ್ತಿ ಕೇಳಿಸಿಕೊಳ್ಳಬೇಕು.

ದಾರಿಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ನಾವು ಗ್ರಾವೆಲ್ ಎನ್ನುವುದಕ್ಕೆ ಇಲ್ಲಿ ಗರಸು ಎನ್ನುತ್ತಾರೆ. ನಮ್ಮ ಚಿರೆಕಲ್ಲಿನ ದಾರಿ ಮಳೆ ಬಂದರೆ ಸಾಬೂನು, ಬಿಸಿಲು ಬಂದರೆ ಹುಡಿ. ಗರಸು ಹಾಗಲ್ಲ, ಗಾಲಿಯ ಕೆಳಗೆ ಹುರಿಗಡಲೆ ಅಗಿದ ಹಾಗೆ ಸದ್ದು ಮಾಡುತ್ತದೆ, ಜಾರುವುದಿಲ್ಲ. ಹುಕ್ಕೇರಿ ಕಡೆ ಹೋದರೆ ಬೋಳು ಗುಡ್ಡಗಳ ಸೊಂಟ ಸುತ್ತುವ ದಾರಿ, ಕುರಿಹಿಂಡು ಬಿಟ್ಟರೆ ಎದುರಿಗೆ ಯಾರೂ ಇಲ್ಲ. ಧುಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆ ಹಿಡಿದರೆ ಏರಿಲ್ಲ, ಇಳಿಜಾರಿಲ್ಲ, ನೀರಿನ ಜೊತೆ ಮಾತಾಡುತ್ತ ಹೋಗಬಹುದು. ಮೂಡಲಗಿ ಕಡೆಗೆ ಕಪ್ಪು ಮಣ್ಣು. ಅಲ್ಲಿ ಒಂದು ಹನಿ ಮಳೆ ಬಿದ್ದರೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಬರಬೇಕು, ಮಣ್ಣು ಗಾಲಿಗೆ ಮೆತ್ತಿಕೊಂಡು ತಿರುಗಲು ಬಿಡುವುದಿಲ್ಲ. ಗೋಕಾಕ ಪೇಟೆಯಲ್ಲಿ ಕರದಂಟು ಕೊಂಡು ಜೇಬಿಗೆ ಹಾಕಿಕೊಂಡರೆ ಅರ್ಧ ದಿನದ ಹಸಿವಿಗೆ ಅದೇ ಸಾಕು.

ಬಂದ ಹೊಸದರಲ್ಲಿ ಸಮುದ್ರ ಕಾಣದೆ ತಲೆ ಕೆಟ್ಟಿತ್ತು. ಇಲ್ಲಿ ಸೂರ್ಯ ಮುಳುಗುವುದು ಕಬ್ಬಿನೊಳಗೆ. ಯಾರೋ ಹೇಳಿದರೆಂದು ಹಿಡಕಲ್ ಅಣೆಕಟ್ಟೆಗೆ ತುಳಿದುಕೊಂಡು ಹೋದೆ. ನೀರು ಕಣ್ಣು ಹೋಗುವಷ್ಟು ದೂರ ಹರಡಿತ್ತು. ಆದರೆ ಉಪ್ಪಿನ ವಾಸನೆ ಇಲ್ಲ, ಅಲೆಯ ಸದ್ದಿಲ್ಲ. ಅಷ್ಟು ದೊಡ್ಡ ನೀರು ಬಾಯಿ ಮುಚ್ಚಿಕೊಂಡು ಕೂತದ್ದು ನೋಡಿ ನನಗೆ ಅಳುವಿನ ಬದಲು ಸಿಟ್ಟು ಬಂತು. ನೀರಿನ ಮೇಲೆ ಸಿಟ್ಟು ಮಾಡಿಕೊಂಡು ವಾಪಸು ಬಂದವಳು ನಾನೊಬ್ಬಳೇ ಇರಬೇಕು.

ಮನೆ ಹುಡುಕುವಾಗಲೂ ಅದೇ ಪ್ರಶ್ನೆ. ಬಾಗಿಲು ತೆಗೆದವರೆಲ್ಲ "ಯಾರ ಪೈಕಿ?" ಎಂದರು. ಗಂಡ ಎಲ್ಲಿ, ಅಪ್ಪ ಎಲ್ಲಿ, ಅಣ್ಣ ಬರುವುದಿಲ್ಲವೇ. ಮೂವತ್ತನಾಲ್ಕು ವರ್ಷದ ಹೆಂಗಸು ಒಂದು ಸೈಕಲ್ಲು, ಒಂದು ಚೀಲ ಹಿಡಿದು ಬಾಡಿಗೆ ಮನೆ ಕೇಳಿದರೆ ಕಳ್ಳತನಕ್ಕೆ ಬಂದವಳನ್ನು ನೋಡುವ ಹಾಗೆ ನೋಡಿದರು. ಕೊನೆಗೆ ಧುಪದಾಳದ ಹತ್ತಿರದ ಈ ಊರಿನಲ್ಲಿ, ಮಸೀದಿಯ ಓಣಿಯ ಕೊನೆಯ ಮನೆಯಲ್ಲಿ, ಮಾಬೂಬಿ ಚಾಚಿ ಸಿಕ್ಕರು. ಗಂಡ ದಸ್ತಗೀರ ಕಾಕಾ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಮಗಳನ್ನು ಹುಕ್ಕೇರಿಗೆ ಕೊಟ್ಟಿತ್ತು. ನಾನು ಹೇಳುವ ಮೊದಲೇ, ನಾನು ಒಬ್ಬಳೇ ಎಂಬುದನ್ನು ಓಣಿಯವರು ಅವರಿಗೆ ಹೇಳಿಯಾಗಿತ್ತು.

"ಒಬ್ಬಾಕೀನ ಅಂದ್ರ ಏನಾತು?" ಎಂದರು ಚಾಚಿ. "ನಾನೂ ಒಬ್ಬಾಕೀನ ಅದೇನಿ. ಇಬ್ಬರಾದ್ವಲ್ಲ. ಒಳಗ ಬಾ ಬೇಟಾ."

ನಾನು ಊರಿನಿಂದ ತಂದಿದ್ದ ಒಣಮೀನನ್ನು ಮೊದಲ ಸಲ ಸುಟ್ಟಾಗ ಚಾಚಿ ಮನೆಯ ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಸೆರಗು ಮೂಗಿಗೆ ಹಿಡಿದು, ಅಂಗಳದಲ್ಲಿ ಕೂತರು. ತಿಂಗಳು ಕಳೆಯುವುದರೊಳಗೆ "ಆ ನಾರೂ ಮೀನ ಇನ್ನೂ ಐತೇನ? ರೊಟ್ಟಿ ಜೋಡಿ ಒಂದೀಟ ಕೊಡ" ಎಂದು ತಟ್ಟೆ ಚಾಚಿದರು. ನನ್ನ ಒಲೆ ಅಲ್ಲಿಗೆ ಬಂದ್ ಆಯಿತು. ಎರಡು ಒಲೆ ಯಾತಕ್ಕೆ ಎಂದು ಚಾಚಿಯೇ ನಿರ್ಧರಿಸಿದರು. ಜೋಳದ ರೊಟ್ಟಿ ಬಡಿಯುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಮೊದಲು ಬಡಿದ ರೊಟ್ಟಿಗಳನ್ನು ಪಕ್ಕದ ಮನೆಯ ಎಮ್ಮೆ ಮಾತ್ರ ಮೆಚ್ಚಿತು.

ಮಾತು ಇನ್ನೂ ಕಷ್ಟವಾಯಿತು. ಕನ್ನಡವೇ ತಾನೆ ಎಂದು ಬಂದಿದ್ದೆ. ಕೊನೆಗೊಂದು "ರಿ" ಸೇರಿಸದೆ ಮಾತಾಡಿದರೆ ಇಲ್ಲಿ ಹೊಡೆಯಲು ಬಂದಂತೆ ಕೇಳುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಅರ್ಧ ಊರಿಗೆ ನಾನು ಜಗಳಗಂಟಿಯಾಗಿದ್ದೆ. ಟೀಚರಿಗೆ ಅಕ್ಕೋರು ಎನ್ನುವುದೊಂದೇ ನಮ್ಮೂರಿನಲ್ಲೂ ಇಲ್ಲೂ ಒಂದೇ ರೀತಿ ಇದ್ದ ಮಾತು. ಯಾರಾದರೂ "ಅಕ್ಕೋರ" ಎಂದು ಕೂಗಿದರೆ ಒಂದು ಗಳಿಗೆ ಮನೆಯಲ್ಲೇ ಇದ್ದೇನೆ ಎನಿಸುತ್ತಿತ್ತು. ನನ್ನ ಸೈಕಲ್ಲಿನ ಬಾಗಿದ ಹ್ಯಾಂಡಲ್ ನೋಡಿ ಅದಕ್ಕೆ ಟಗರು ಎಂದು ಹೆಸರಿಟ್ಟರು. "ಅಕ್ಕೋರ, ಟಗರಿಗೆ ಏನ್ ಹಾಕ್ತೀರಿ?" ಎಂದು ಚಹಾದ ಅಂಗಡಿಯಲ್ಲಿ ದಿನಾ ಕೇಳುತ್ತಿದ್ದರು. ಗಾಳಿ ಹಾಕುತ್ತೇನ್ರಿ ಎನ್ನುತ್ತಿದ್ದೆ, ನಗುತ್ತಿದ್ದರು.

ಇನ್ನು ಆ ದಾರಿಯ ವಿಷಯ. ಕಾಲುವೆಯ ದಂಡೆಯಿಂದ ನನ್ನ ಶಾಲೆಯ ರಸ್ತೆಗೆ ಇಳಿಯಲು ಹೊಲಗಳ ನಡುವೆ ಒಂದು ಚಕ್ಕಡಿ ದಾರಿ ಇದೆ. ಚಕ್ಕಡಿ ಎಂದರೆ ಎತ್ತಿನ ಬಂಡಿ. ಎರಡೂ ಬದಿಗೆ ಊರಿನ ದೊಡ್ಡ ಜಮೀನುದಾರ ಅಪ್ಪಾಸಾಬರ ಕಬ್ಬು, ನಡುವೆ ಒಂದು ಬಂಡಿ ಹೋಗುವಷ್ಟು ಗರಸು, ದಾರಿಯ ನಡುಮಧ್ಯೆ ದಸ್ತಗೀರ ಕಾಕಾನ ಎರಡೆಕರೆ ಹೊಲ ಸಿಗುತ್ತದೆ. ಆ ಹೊಲಕ್ಕೆ ಅದೊಂದೇ ದಾರಿ. ಕಾಕಾ ಹೋದ ಮೇಲೆ ಎತ್ತು ಮಾರಿ, ಬಂಡಿ ಮಾರಿ, ಹೊಲ ಬಿತ್ತನೆಯಿಲ್ಲದೆ ಪಡ ಬಿದ್ದಿತ್ತು. ನಾಲ್ಕು ವರ್ಷ ಆ ದಾರಿಯಲ್ಲಿ ಮುಂಜಾನೆ ಶಾಲೆಗೆ, ಸಂಜೆ ಮನೆಗೆ ಓಡಿದ ಗಾಲಿ ನನ್ನ ಟಗರಿನದ್ದು ಮಾತ್ರ. ನಿಮಗೆ ನಾನು ಕಳಿಸದ ನೀಲಿ ಗೆರೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಎರಡೂ ಕಡೆ ಕಬ್ಬು ಎದ್ದು ನಿಂತಾಗ ಒಳಗೆ ತಂಪು, ಎಲೆಗಳ ಸದ್ದು ಥೇಟ್ ನಮ್ಮೂರ ಕಡಲಂಚಿನ ಗಾಳಿಮರದ ತೋಪಿನ ಹಾಗೆ. ಕಣ್ಣು ಮುಚ್ಚಿದರೆ ಮುಂದೆ ಸಮುದ್ರ ಇರಬೇಕು ಎನಿಸುತ್ತಿತ್ತು.

ಹೋದ ವರ್ಷ ಚಾಚಿಯ ಅಳಿಯ ಬಂದು ಹೊಲಕ್ಕೆ ಕಬ್ಬು ಹಚ್ಚಿಸಿದ. ಆಗ ಅಪ್ಪಾಸಾಬರ ಹೊಲ ಕಟಾವಾಗಿ ಖಾಲಿ ಇತ್ತು, ನೇಗಿಲಿನ ಟ್ರ್ಯಾಕ್ಟರ್ ಅವರ ಹೊಲದ ಮೇಲೇ ಹಾದುಹೋಯಿತು. ಹೋಗಲಿ ಬಿಡ್ರಿ ಎಂದು ಅವರೇ ಕೈಬೀಸಿದ್ದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ.

ಈ ಚಳಿಗಾಲ ದಾರಿ ಹಸಿಯಾಗತೊಡಗಿತು. ಮಳೆ ಹೋಗಿ ತಿಂಗಳುಗಳಾಗಿದ್ದವು, ಸುತ್ತಲಿನ ನೆಲವೆಲ್ಲ ಬಿರುಕು, ಇದೊಂದು ದಾರಿ ಮಾತ್ರ ದಿನಾ ಬೆಳಿಗ್ಗೆ ರಾಡಿ. ಗಾಲಿ ಬೆರಳುದ್ದ ಇಳಿಯುತ್ತಿತ್ತು. ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು, ನನಗೆ ಖುಷಿಯಾಗಿತ್ತು. ಕೆಸರಿನ ವಾಸನೆಗೆ ಊರಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ನೆನಪಾಗುತ್ತಿತ್ತು. ನಮ್ಮ ಕಡೆ ನೀರು ತಾನಾಗಿ ಬರುತ್ತದೆ. ಮೇಲಿನಿಂದ ಬರುತ್ತದೆ, ಕೆಳಗಿನಿಂದ ಉಕ್ಕುತ್ತದೆ, ಉಬ್ಬರಕ್ಕೆ ಏರಿ ಅಂಗಳಕ್ಕೂ ಬರುತ್ತದೆ. ಯಾರು ಬಿಟ್ಟರು ಎಂದು ನಾವು ಕೇಳುವುದಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಚಾಚಿಗೆ ಹೇಳಿದೆ, ನಿಮ್ಮ ದಾರಿಗೆ ಎಲ್ಲಿಂದಲೋ ನೀರು ಬರ್ತಿದೆ, ಬಹಳ ಚೆನ್ನಾಗಿದೆ ಎಂದು.

ಚಾಚಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನೀರ ತಾನ ಬರತೈತೇನ್ ಬೇಟಾ? ಇಲ್ಲಿ ಯಾರರೆ ಬಿಟ್ರನ ಬರತೈತಿ."

ಆಮೇಲೆ ಬಿಡಿಸಿ ಹೇಳಿದರು. ಇಲ್ಲಿ ಕಾಲುವೆ ನೀರಿಗೆ ಪಾಳಿ ಇದೆ, ಕೊಳವೆಬಾವಿಯ ನೀರಿಗೆ ಮಾಲೀಕರಿದ್ದಾರೆ. ಒಂದು ಹನಿಯೂ ಯಾರದ್ದೂ ಅಲ್ಲದೆ ಹರಿಯುವುದಿಲ್ಲ. ದಾರಿ ಅಗೆದರೆ ಜಗಳ, ಮುಳ್ಳು ಹಾಕಿದರೆ ಪಂಚಾಯಿತಿ. ನೀರು ಬಿಟ್ಟರೆ ಯಾರಿಗೂ ಏನೂ ಕಾಣುವುದಿಲ್ಲ. ರಾಡಿಯಾಯಿತೆಂದು ಜನ ಕಾಲಿಡುವುದಿಲ್ಲ, ಬಂಡಿ ಹೂಡುವುದಿಲ್ಲ. ಎರಡು ಹಂಗಾಮು ಹಾಗೆ ಕಳೆದರೆ, ಇಲ್ಲಿ ದಾರಿ ಇತ್ತೇ ಎಂದು ಕೇಳಬಹುದು. ಹೊಲಕ್ಕೆ ಕಾಗದಪತ್ರ ಏನೇ ಇರಲಿ, ಊರ ಹಿರಿಯರು ನೋಡುವುದು ವಹಿವಾಟಿಯನ್ನು. ನಮ್ಮಲ್ಲಿ ವಹಿವಾಟು ಎಂದರೆ ವ್ಯಾಪಾರ. ಇಲ್ಲಿ ದಾರಿಯ ವಹಿವಾಟಿ ಎಂದರೆ ಅದರ ಮೇಲೆ ಓಡಾಡುವ ರೂಢಿ. ಯಾರ ಗಾಲಿ, ಯಾರ ಕಾಲು ಓಡಾಡಿದೆಯೋ ಅವರದ್ದು ದಾರಿ. ಚಾಚಿಯ ಕಬ್ಬು ಕಟಾವಿಗೆ ಬಂದಿತ್ತು. ದಾರಿ ಇಲ್ಲದಿದ್ದರೆ ಟ್ರ್ಯಾಕ್ಟರ್ ಬರುವುದಿಲ್ಲ, ಟ್ರ್ಯಾಕ್ಟರ್ ಬಾರದ ಹೊಲಕ್ಕೆ ಕಡಿಯುವವರೂ ಬರುವುದಿಲ್ಲ. ನಿಂತಲ್ಲೇ ಒಣಗುವ ಕಬ್ಬನ್ನೂ ಹೊಲವನ್ನೂ ಕೊನೆಗೆ ಕೊಳ್ಳುವವರು ಯಾರು? ಅದನ್ನು ಚಾಚಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆಯೇ ಅಪ್ಪಾಸಾಬರ ಹೊಲಮನೆಗೆ ಹೋದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು ಕುರ್ಚಿ ಕೊಟ್ಟರು.

"ಬರ್ರಿ ಅಕ್ಕೋರ, ಕುಂದರ್ರಿ. ಮಜ್ಜಗಿ ಕುಡೀತೀರಿ?"

ಮಜ್ಜಿಗೆ ಬೇಡ ಎಂದೆ. ದಾರಿಗೆ ನೀರು ಯಾಕೆ ಬಿಡುತ್ತಿದ್ದೀರಿ ಎಂದು ನೇರ ಕೇಳಿದೆ.

"ಪೈಪ್ ಒಡದೈತ್ರಿ. ರಿಪೇರಿ ಮಾಡಸಬೇಕಂದ್ರ ಆಳ ಸಿಗವಲ್ರು."

"ಇಷ್ಟು ದಿನದಿಂದಲೇ? ಚಾಚಿಯ ಟ್ರ್ಯಾಕ್ಟರ್ ಹೋಗಬೇಕಲ್ಲ?"

"ಎಲ್ಲಿಂದ ಹೋಗಬೇಕ್ರಿ? ಅಲ್ಲೆಲ್ಲೈತಿ ದಾರಿ? ದಸ್ತಗೀರ ಇದ್ದಾಗ ಅಂವ ಕೇಳಿ ಹೋಗ್ತಿದ್ದ, ನಾ ಬಿಡ್ತಿದ್ದೆ. ಹೋದ ವರ್ಷನೂ ಬಿಟ್ಟೆ. ಅದು ನನ್ನ ದೊಡ್ಡ ಮನಸ್ಸು ಅಂತ ತಿಳ್ಕೋರಿ, ದಾರಿ ಅಂತ ತಿಳ್ಕೋಬ್ಯಾಡ್ರಿ." ಅಷ್ಟು ಹೇಳಿ ನನ್ನ ಸೈಕಲ್ ನೋಡಿ ನಕ್ಕರು. "ನೀವ್ಯಾಕ ಆ ರಾಡ್ಯಾಗ ಹೊಂಟೀರಿ? ಡಾಂಬರ್ ರೋಡ್ ಐತಲ್ಲ. ನಿಮ್ಮ ಟಗರು ಜಾರಿ ಬಿದ್ದೀತು."

ಹುಡುಕಿದರೂ ಒಂದು ಒರಟು ಮಾತು ಸಿಗಲಿಲ್ಲ. ಮಾತಿಗೊಮ್ಮೆ ರಿ ಸೇರಿಸುತ್ತಲೇ ಇದ್ದರು. ಮಾತಿನ ತುಂಬ ಮರ್ಯಾದೆ ಇಟ್ಟುಕೊಂಡು ಒಬ್ಬ ವಿಧವೆಯ ಎರಡೆಕರೆಯನ್ನು ಹಸಿ ಮಾಡಿ ನುಂಗಬಹುದು ಎಂಬುದು ನನಗೆ ಅಂದು ತಿಳಿಯಿತು. ನಮ್ಮ ಕಡೆಯ ಒರಟು ಮಾತು ಎಷ್ಟೋ ವಾಸಿ ಎನಿಸಿತು.

ಚಹಾದ ಅಂಗಡಿಯಲ್ಲಿ ಕೂಗಾಡಿದೆ. ಎಲ್ಲರಿಗೂ ಗೊತ್ತಿತ್ತು. ದಿನಾ ಟಗರಿನ ಬಗ್ಗೆ ತಮಾಷೆ ಮಾಡುತ್ತಿದ್ದವರು ಲೋಟದೊಳಗೆ ಏನೋ ಹುಡುಕುತ್ತ ಕೂತರು. ಅಂಗಡಿಯಾತನೇ ಕೊನೆಗೆ ಹೇಳಿದ.

"ಬಿಡ್ರಿ ಅಕ್ಕೋರ. ನಾಳೆ ನೀವು ವರ್ಗಾ ಆಗಿ ಹೋಗ್ತೀರಿ. ನಾವು ಅವರ ಬಾಜೂನ ಬಾಳೇ ಮಾಡಬೇಕು."

ಖರೆ ಮಾತು, ಇಲ್ಲಿಯವರ ಭಾಷೆಯಲ್ಲಿ ಹೇಳುವುದಾದರೆ. ಖರೆ ಆದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಡೋಣ ಎಂದು ಚಾಚಿಯ ಅಳಿಯನಿಗೆ ಹೇಳಿದೆ. ಕೊಡಬಹುದು, ತೀರ್ಮಾನ ಬರುವ ಹೊತ್ತಿಗೆ ಕಬ್ಬು ಹೂಬಿಟ್ಟು ಬೆಂಡಾಗಿರುತ್ತದೆ ಎಂದ. ಚಾಚಿ ಮಾತ್ರ ನನ್ನನ್ನು ಕೇಳಿದ್ದು ಒಂದೇ ಮಾತು. "ನೀ ಅಲ್ಲಿಂದನ ಹೋಗಾಕತ್ತೀಯಲ್ಲ? ಬಿಡಬ್ಯಾಡ."

ನಾನು ಬಿಡಲಿಲ್ಲ. ಡಾಂಬರು ರಸ್ತೆ ಇದ್ದರೂ ದಿನಾ ಆ ರಾಡಿಯಲ್ಲೇ ತುಳಿದೆ. ಶಾಲೆಗೆ ಹೋಗುವಾಗ ಕಾಲಿನಿಂದ ತಲೆಯವರೆಗೆ ಕೆಸರು. ಮುಖ್ಯೋಪಾಧ್ಯಾಯರು ಹುಬ್ಬು ಏರಿಸಿದರು. ಮಕ್ಕಳಿಗೆ ಓಟ ಕಲಿಸುವವಳು ಹೀಗೇ ಇರುತ್ತೇನೆ ಎಂದೆ.

ಕೊನೆಗೂ ಚಾಚಿ ಹಿರಿಯರನ್ನು ಕರೆಸಿದರು. ಐದು ಜನ ಬಂದರು. ಮುಂದೆ ನಿಂತು ಮಾತಾಡಿದ್ದು ಕಲ್ಲಪ್ಪಜ್ಜ, ಊರಿನಲ್ಲಿ ಹೊಲದ ಬದುವಿನ ಜಗಳಕ್ಕೆಲ್ಲ ಕರೆಯುವುದು ಅವರನ್ನೇ. ಹಿರಿಯರು ಜಾಗ ನೋಡಲು ಬರುತ್ತಾರೆಂದು ತಿಳಿದು ಅಪ್ಪಾಸಾಬರು ಕೆಲವು ದಿನ ಮೊದಲೇ ನೀರು ನಿಲ್ಲಿಸಿದ್ದರು. ರಾಡಿ ಕಂಡರೆ ನೀರು ಬಿಟ್ಟದ್ದು ಯಾರು ಎಂಬ ಪ್ರಶ್ನೆ ಏಳುತ್ತದಲ್ಲ. ಅಲ್ಲೇ ಅವರ ಜಾಣತನ ಕೈಕೊಟ್ಟಿತು. ಒಣ ಗರಸಿನ ಮೇಲೆ ನನ್ನ ಗಾಲಿ ಗುರುತು ಒಂದು ಗಾಳಿಗೂ ಉಳಿಯುತ್ತಿರಲಿಲ್ಲ. ಅವರು ಬಿಟ್ಟ ನೀರಿನಲ್ಲಿ ಅದು ಆಳವಾಗಿ ಇಳಿದು, ಅವರು ನೀರು ನಿಲ್ಲಿಸಿದ ಮೇಲೆ ಒಣಗಿ, ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂತಿತ್ತು. ಹೋದದ್ದು, ಬಂದದ್ದು, ಒಂದರ ಮೇಲೊಂದು, ಕಾಲುವೆಯಿಂದ ರಸ್ತೆಯವರೆಗೆ.

ಕಲ್ಲಪ್ಪಜ್ಜ ಬಗ್ಗಿ, ಕೋಲಿನ ತುದಿಯಿಂದ ಗುರುತನ್ನು ಮುಟ್ಟಿ ನೋಡಿದರು.

"ಚಕ್ಕಡಿ ಹೋಗಿಲ್ಲ, ಎತ್ತ ಹೋಗಿಲ್ಲ. ಮತ್ತ ಈ ಗಾಲಿ ಯಾರದು?"

"ನನ್ನದು," ಎಂದೆ.

"ಸೈಕಲ್ ಹೋದ್ರ ದಾರಿ ಅಕ್ಕೈತೇನ್ರಿ ಅಜ್ಜಾರ?" ಎಂದು ಅಪ್ಪಾಸಾಬರು ನಕ್ಕರು. "ನಾಯಿನೂ ಹೋಗಿರ್ತಾವು, ನರಿನೂ ಹೋಗಿರ್ತಾವು."

"ನಾಯಿಗೆ ಗಾಲಿ ಇರಂಗಿಲ್ಲ, ಅಪ್ಪಾಸಾಬ," ಎಂದರು ಅಜ್ಜ. ನನ್ನ ಕಡೆ ತಿರುಗಿದರು. ಏನು ಕೇಳುತ್ತಾರೆಂದು ನನಗೆ ಮೊದಲೇ ಗೊತ್ತಾಯಿತು. ಬಂದ ಮೊದಲ ವಾರ ಜಾಲಿಯಲ್ಲಿ ಬಿದ್ದಾಗ ಕೇಳಿದ್ದೇ ಪ್ರಶ್ನೆ.

"ಅಕ್ಕೋರ, ನೀವು ಯಾರ ಪೈಕಿ?"

ಗಾಲಿ ಕಣ್ಣೆದುರಿಗಿದೆ, ನಾಲ್ಕು ವರ್ಷ ತುಳಿದಿದ್ದೇನೆ, ಈ ದಾರಿಯ ಒಂದೊಂದು ಕಲ್ಲೂ ನನ್ನ ಬೆನ್ನುಮೂಳೆಗೆ ಗೊತ್ತು. ಆದರೂ ಯಾರದ್ದೋ ಮನೆಯ ಹೆಸರು ಹೇಳದಿದ್ದರೆ ಆ ಗುರುತು ನೆಲದ ಮೇಲೆ ಇಲ್ಲ! ಕಿರುಚಬೇಕು ಎನಿಸಿತು. ಅಷ್ಟರಲ್ಲಿ ಚಾಚಿ ಮುಂದೆ ಬಂದರು.

"ಆಕಿ ನಮ್ಮ ಮನಿಯಾಕಿ."

"ಬಾಡಗಿ ಕೊಡಾಕಿ ಮನಿಯಾಕಿ ಹೆಂಗ ಅಕ್ಕಾಳ?" ಎಂದರು ಅಪ್ಪಾಸಾಬರು.

"ನನ್ನ ಒಲಿ ಮ್ಯಾಲ ಬೇಸಿದ್ದು ಉಣ್ತಾಳ. ಆಕಿ ಬೇಸಿದ್ದು ನಾ ಉಣ್ತೀನಿ. ಜ್ವರ ಬಂದಾಗ ನನ್ನ ತಲಿ ಹಿಡಿದಾಕಿ ಆಕಿ. ಮತ್ತ ಮನಿ ಮಂದಿ ಅಂದ್ರ ಯಾರ್ರಿ?"

ಅಜ್ಜ ಚಾಚಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. "ನೀವ ಹೇಳಬೇಕ್ರಿ. ಇವರ ಮನಿಯವ್ರ ಹೌದೋ ಅಲ್ಲೋ?"

ಊರಲ್ಲಿ ಅಮ್ಮ ಆ ಹೊತ್ತಿಗೆ ಬಾವಿಕಟ್ಟೆಯಲ್ಲಿ ಬಿಂದಿಗೆ ಬೆಳಗುತ್ತಿರಬೇಕು ಎಂಬುದು ಯಾಕೋ ತಲೆಗೆ ಬಂತು.

"ಹೌದ್ರಿ," ಎಂದೆ. ಯೋಚಿಸದೆ ನನ್ನ ಬಾಯಿಂದ ಬಂದ ಮೊದಲ ರಿ ಅದು.

ತೀರ್ಮಾನ ಅಲ್ಲೇ ಆಯಿತು. ಮನೆಯವರ ಗಾಲಿ ಓಡಿದೆ ಎಂದ ಮೇಲೆ ವಹಿವಾಟಿ ಇದೆ. ದಾರಿ ಬಿಡಬೇಕು. ಅಪ್ಪಾಸಾಬರು ಮುಖ ಕೆಂಪು ಮಾಡಿಕೊಂಡು, ಅದರಲ್ಲೂ ಮರ್ಯಾದೆ ಬಿಡದೆ, "ಆಗಲ್ರಿ" ಎಂದರು. ಆದರೆ ಹೊರಡುವ ಮುನ್ನ ಅಜ್ಜ ಒಂದು ಮಾತು ಸೇರಿಸಿದರು.

"ಆಕಿ ಓಡಾಡೂತನಕ ಈ ದಾರಿಗೆ ಯಾರೂ ಕೈ ಹಚ್ಚಂಗಿಲ್ಲ."

ಅಂದು ಎಲ್ಲರೂ ಖುಷಿಯಲ್ಲಿದ್ದರು, ನಾನೂ. ವಾರದೊಳಗೆ ಚಾಚಿಯ ಕಬ್ಬು ಟ್ರೇಲರ್ ಏರಿತು. ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಆ ದಾರಿಯಿಂದ ಹೊರಬಂದಾಗ ನಾನು ಸೈಕಲ್ ಬದಿಗೆ ಹಿಡಿದು ನಿಂತಿದ್ದೆ. ಈ ಸಲ ಹಾಡು ಕೇಳಿ ಕಣ್ಣಲ್ಲಿ ನೀರು ಬಂತು. ಆದರೆ ರಾತ್ರಿ ಮಲಗಿದ ಮೇಲೆ ಅಜ್ಜನ ಮಾತಿನ ಬಾಲ ತಲೆಗೆ ಚುಚ್ಚಿತು. ಆಕಿ ಓಡಾಡೂತನಕ ಎಂದರೆ? ನಾನು ವರ್ಗವಾಗಿ ಹೋದರೆ? ಕಾಲು ಮುರಿದುಕೊಂಡರೆ? ಒಬ್ಬ ಹೆಂಗಸಿನ ಸ್ವಂತ ಹೊಲಕ್ಕೆ ಹೋಗುವ ದಾರಿಯನ್ನು ಇನ್ನೊಬ್ಬ ಹೆಂಗಸಿನ ಸೈಕಲ್ಲಿಗೆ ಕಟ್ಟಿಹಾಕಿ, ನ್ಯಾಯ ಮುಗಿಯಿತು ಎಂದು ಎಲೆಅಡಿಕೆ ಹಾಕಿಕೊಂಡು ಎದ್ದುಹೋಗಿದ್ದರು. ಇಂಥ ನ್ಯಾಯಕ್ಕೆ ನಾನು ಕೈಮುಗಿಯಬೇಕಂತೆ.

ಬೇಸಿಗೆ ರಜೆಗೆ ಊರಿಗೆ ಬಂದೆನಲ್ಲ, ನಿಮ್ಮೊಂದಿಗೆ ಒಂದು ಸವಾರಿಗೂ ಬರಲಿಲ್ಲ ಎಂದು ಬೈದಿರಿ. ಬಂದ ಮರುದಿನ ಬೆಳಿಗ್ಗೆ ಮನೆಯಿಂದ ಸಮುದ್ರಕ್ಕೆ ಹೋಗುವ ನಮ್ಮ ದಾರಿ ಹಿಡಿದಿದ್ದೆ. ಗಾಳಿಮರದ ತೋಪಿನ ಅಂಚಿಗೆ ತಂತಿಬೇಲಿ, ಕಬ್ಬಿಣದ ಗೇಟು, ಒಳಗೆ ಬಣ್ಣದ ಗುಡಿಸಲುಗಳು. ಕಾವಲಿನ ಹುಡುಗ ನನ್ನ ಸೈಕಲ್ ನೋಡಿ ವಿನಯದಿಂದ ಕೇಳಿದ, "ಮೇಡಂ, ರೂಮ್ ಬುಕ್ ಆಗಿದೆಯಾ?" ನಾನು ಹುಟ್ಟಿದ ಮೇಲೆ ಮೊದಲು ನಡೆದ ದಾರಿಯ ಮೇಲೆ ನಿಂತು ನಾನು ರೂಮ್ ಬುಕ್ ಮಾಡಬೇಕಿತ್ತು.

ಅಮ್ಮನಿಗೆ ಎಲ್ಲ ಗೊತ್ತಿತ್ತು. ನನಗೆ ಹೇಳಿರಲಿಲ್ಲ.

"ಬೇಲಿ ಹಾಕೂ ಮುಂಚೆ ಪಂಚಾಯ್ತಿಯೋರು ಸಭೆ ಕರ್ದಿದ್ರು," ಎಂದಳು. "ಆ ದಾರೀಲಿ ನಡೂರು ಯಾರು ಅಂತ ಕೇಳಿದ್ರು. ನಾನು ಕೈ ಎತ್ತಿದೆ. ನಿಂಗೆ ಮಂಡಿ ನೋವು, ನೀ ಸಮುದ್ರಕ್ಕೆ ಹೋಗ್ದೆ ಎಷ್ಟ್ ವರ್ಷ ಆಯ್ತು ಅಂದ್ರು. ಹೌದಲ್ವಾ, ಎಂತ ಹೇಳೂದು?"

ಅಣ್ಣ ಮೀನು ತರುವುದು ಬೈಕಿನಲ್ಲಿ, ಪೇಟೆಯಿಂದ. ಅತ್ತಿಗೆಗೆ ಮರಳು ಎಂದರೆ ಆಗದು. ನೀವು ಸೈಕಲ್ ತುಳಿಯುವುದು ಹೆದ್ದಾರಿಯ ಆ ಬದಿಗೆ, ಫೋಟೋ ಚೆನ್ನಾಗಿ ಬರುವ ಕಡೆ. ಉಳಿದವಳು ನಾನು. ನಾನು ಎಲ್ಲಿದ್ದೆ? ನಾನು ಧುಪದಾಳದ ರಾಡಿಯಲ್ಲಿ ಗಾಲಿ ಗುರುತು ಮೂಡಿಸುತ್ತಿದ್ದೆ. ಆ ಕಥೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ಹೆಮ್ಮೆಪಡುತ್ತಾಳೆ ಎಂದುಕೊಂಡಿದ್ದೆ. ಕೇಳಿಸಿಕೊಂಡು, ಅಕ್ಕಿ ಆರಿಸುತ್ತಲೇ ಹೇಳಿದಳು.

"ಅಲ್ಲಿ ಅವ್ರ ದಾರಿ ಕಾಯ್ತೆ. ಇಲ್ಲಿ ನಮ್ಮದು ಕಾಯೂದು ಯಾರು?"

ರಜೆ ಮುಗಿಯುವ ಮೊದಲೇ ಮುಖ ಗಂಟಿಕ್ಕಿಕೊಂಡು ವಾಪಸು ಬಂದೆ. ಬಸ್ಸಿಳಿದು, ಸೈಕಲ್ ಜೋಡಿಸಿಕೊಂಡು, ಮನೆಗೂ ಹೋಗದೆ ನೇರ ಆ ದಾರಿಗೆ ಇಳಿದೆ. ನಾನು ಅಂದುಕೊಂಡದ್ದೇ ಆಗಿತ್ತು. ದಾರಿ ಮತ್ತೆ ಹಸಿ. ಪೈಪ್ ಮತ್ತೆ ಒಡೆದಿತ್ತು ಎಂದು ಕಾಣುತ್ತದೆ. ನನ್ನ ಹಳೆಯ ಗುರುತುಗಳೆಲ್ಲ ಕರಗಿಹೋಗಿದ್ದವು. ಆದರೆ ಅದರ ಮೇಲೆ ಒಂದು ಹೊಸ ಗುರುತು ಇತ್ತು. ನನ್ನದಲ್ಲ. ಸೊಟ್ಟಸೊಟ್ಟಗೆ, ಅಲ್ಲಲ್ಲಿ ನಿಂತು ನಿಂತು ಹೋದ ಒಂದು ಗಾಲಿ, ಅದರ ಪಕ್ಕದಲ್ಲೇ ಬರಿಗಾಲಿನ ಹೆಜ್ಜೆಗಳು. ಹೋದದ್ದು, ಬಂದದ್ದು, ಒಂದರ ಮೇಲೊಂದು.

ಮನೆಯ ಅಂಗಳದಲ್ಲಿ ದಸ್ತಗೀರ ಕಾಕಾನ ಹಳೆಯ ಸೈಕಲ್ ಗೋಡೆಗೆ ಒರಗಿತ್ತು. ನಾನು ಬಂದಾಗಿನಿಂದ ಅದು ಅಟ್ಟದ ಕೆಳಗೆ ಗೋಣಿಚೀಲ ಹೊದ್ದು ಮಲಗಿತ್ತು. ಈಗ ಗಾಲಿಗಳಿಗೆ ಹಸಿ ಮಣ್ಣು ಮೆತ್ತಿತ್ತು. ಚಾಚಿ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು, ಮೊಣಕಾಲಿನವರೆಗೆ ಕೆಸರು. ಸೈಕಲ್ ಹೊಡೆಯಲು ಅವರಿಗೆ ಬರುವುದಿಲ್ಲ. ನಾನಿಲ್ಲದ ಅಷ್ಟೂ ದಿನ ಮುಂಜಾನೆ ಅದನ್ನು ತಳ್ಳಿಕೊಂಡು ಆ ದಾರಿಯ ಉದ್ದಕ್ಕೂ ಹೋಗಿ ಬಂದಿದ್ದರು.

ಬಹಳ ಜನಕ್ಕೆ ಇಲ್ಲಿ ಕಣ್ಣೀರು ಬರಬೇಕು. ನನಗೆ ಬಂದದ್ದು ಸಿಟ್ಟು. ಹೊಲ ಅವರದು, ದಾರಿ ಅವರದು, ಅರವತ್ತು ದಾಟಿದ ಹೆಂಗಸು ಸತ್ತ ಗಂಡನ ಸೈಕಲ್ ತಳ್ಳಿಕೊಂಡು ಇನ್ನೊಬ್ಬರ ನೀರಿನಲ್ಲಿ ಗುರುತು ಹಾಕಿ ಅದನ್ನು ಸಾಬೀತು ಮಾಡಬೇಕು. ಇದನ್ನು ನೋಡಿಯೂ ಚಹಾದ ಅಂಗಡಿಯವರು ಲೋಟದೊಳಗೇ ನೋಡುತ್ತ ಕೂತಿದ್ದರು. ಎಲ್ಲವನ್ನೂ ಚಾಚಿಯ ಮೇಲೇ ಸುರಿದೆ. ನನಗೆ ಫೋನ್ ಮಾಡಬಾರದಿತ್ತೇ, ಬೇಗ ಬರುತ್ತಿದ್ದೆನಲ್ಲ ಎಂದೆ. ಬೇಲಿಯ ಕಥೆಯೂ, ಅಮ್ಮನ ಮಾತೂ ಹೊರಬಂತು. ವರ್ಗಾವಣೆಯ ಕೌನ್ಸೆಲಿಂಗಿಗೆ ನನ್ನ ಸರದಿ ಬಂದಿರುವುದೂ, ನಮ್ಮ ಊರ ಹತ್ತಿರದ ಶಾಲೆಯಲ್ಲಿ ಒಂದು ಜಾಗ ಖಾಲಿ ಇರುವುದೂ ಬಾಯಿಗೆ ಬಂದುಬಿಟ್ಟಿತು.

"ತಗೋ. ಹೋಗು," ಎಂದರು ಚಾಚಿ. "ಅಲ್ಲಿನೂ ನಿಂದೊಂದು ದಾರಿ ಐತಲ್ಲ."

"ಹಾಗಾದರೆ ಹಿರಿಯರ ಮುಂದೆ ಮನಿಯಾಕಿ ಅಂದಿದ್ದು ಸುಳ್ಳೇ?" ಎಂದು ಕೂಗಿದೆ.

ಚಾಚಿ ಕಾಲು ಒರೆಸಿಕೊಂಡು ನಿಧಾನಕ್ಕೆ ಎದ್ದರು.

"ಬಾಡಗಿದಾರರಿಗೆ ಮನಿ ಬಿಡಸ್ತೀವಿ, ಬೇಟಾ. ಮನಿ ಮಕ್ಕಳ್ನ ಕಳಸ್ತೀವಿ. ನಾ ನಿನ್ನ ಬಿಡಸಾಕತ್ತಿಲ್ಲ."

ಹೋಗುವುದೋ ಇರುವುದೋ, ಇದನ್ನು ಬರೆಯುವಾಗಲೂ ತೀರ್ಮಾನಿಸಿಲ್ಲ. ಕೌನ್ಸೆಲಿಂಗ್ ಬರುವ ವಾರ. ಊರ ಗೇಟಿನ ಮುಂದೆ ದಿನಾ ಸೈಕಲ್ ನಿಲ್ಲಿಸಿ, ಇದು ನನ್ನ ದಾರಿ ಎಂದು ಜಗಳ ತೆಗೆಯಬೇಕು ಎಂದು ರಕ್ತ ಕುದಿಯುತ್ತದೆ. ಇಲ್ಲಿ ಒಂದು ದಿನ ತಪ್ಪಿಸಿದರೆ ಪೈಪ್ ಒಡೆಯುತ್ತದೆ ಎಂದೂ ಕುದಿಯುತ್ತದೆ. ಇರುವುದು ಒಂದು ಜೊತೆ ಕಾಲು.

ಅಂದು ಮಾಡಲು ತಿಳಿದದ್ದು ಒಂದೇ ಕೆಲಸ. ಕಾಕಾನ ಸೈಕಲ್ಲಿನ ಗಾಲಿ ಒತ್ತಿ ನೋಡಿದೆ, ಹಿಂದಿನದರಲ್ಲಿ ಗಾಳಿಯೇ ಇರಲಿಲ್ಲ. ಅಷ್ಟು ದಿನ ಚಾಚಿ ಚಪ್ಪಟೆ ಗಾಲಿಯನ್ನೇ ಎಳೆದಾಡಿದ್ದರು. ನೆರೆಮನೆಯಿಂದ ಕಾಲಿನ ಪಂಪು ತಂದು, ಅಂಗಳದಲ್ಲೇ ನಿಂತು ಗಾಳಿ ಹೊಡೆಯತೊಡಗಿದೆ. ಅಪ್ಪಾಸಾಬರಿಗೆ, ಕಲ್ಲಪ್ಪಜ್ಜನಿಗೆ, ರೂಮ್ ಬುಕ್ ಆಗಿದೆಯಾ ಎಂದ ಹುಡುಗನಿಗೆ, ನಿಮಗೆ, ನನಗೆ, ಎಲ್ಲರಿಗೂ ಸೇರಿಸಿ ಹೊಡೆದೆ. ಟೈರು ಕಲ್ಲಾಯಿತು. ನಿಲ್ಲಿಸಲು ಆಗಲಿಲ್ಲ.

"ಸಾಕ ಬಿಡ ಬೇ," ಎಂದರು ಚಾಚಿ, ನನ್ನ ಕೈ ಹಿಡಿದು. "ಒಡದೀತು. ಮುಂಜಾನೆ ನನಗ ಬೇಕದು."